ಗೇಮ್ ಆಡೋಕೆ ಎರಡನೇ ಸ್ಕ್ರೀನ್ ಬೇಕಾ? ದುಡ್ಡು ಹಾಕುವ ಮುಂಚೆ ಮನೆಯಲ್ಲೇ ಪರೀಕ್ಷೆ ಮಾಡಿ

ಕಂಟ್ರೋಲರ್‌ನಲ್ಲೇ ಒಂದು ಸ್ಕ್ರೀನ್ ಇದ್ದರೆ, ಇಲ್ಲವೇ ಟಿವಿ ಪಕ್ಕದಲ್ಲಿ ಹಳೇ ಟ್ಯಾಬ್ಲೆಟ್ ಒಂದನ್ನು ನಿಲ್ಲಿಸಿಕೊಂಡರೆ ಆಟ ಸುಧಾರಿಸುತ್ತಾ? ಖಂಡಿತ ಸುಧಾರಿಸುತ್ತೆ ಅನ್ನುವವರಿದ್ದಾರೆ. ಸುಮ್ನೆ ದುಡ್ಡು ದಂಡ ಅನ್ನುವವರೂ ಇದ್ದಾರೆ. ಇಬ್ಬರನ್ನೂ ಕೂರಿಸಿ ಕೇಳಿ ನೋಡಿ, ಒಬ್ಬ ಟ್ರಕ್ ಓಡಿಸುವ ಗೇಮ್ ಆಡುತ್ತಿರುತ್ತಾನೆ, ಇನ್ನೊಬ್ಬ ಶೂಟಿಂಗ್ ಗೇಮ್ ಆಡುತ್ತಿರುತ್ತಾನೆ. ಹಾಗಾಗಿ ಇಬ್ಬರು ಹೇಳುವುದೂ ನಿಜವೇ.

ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಒಂದೇ. ಆ ಎರಡನೇ ಸ್ಕ್ರೀನನ್ನು ನೀವು ಯಾವಾಗ ನೋಡುತ್ತೀರಿ? ಆಟ ಒಂದು ಕ್ಷಣ ಉಸಿರು ಬಿಟ್ಟಾಗ ನೋಡುವುದಾದರೆ ಲಾಭ. ಎದುರಿಗೆ ಕೂತವನಿಗೆ ಕಾಣಬಾರದ್ದನ್ನು ನೀವು ಮಾತ್ರ ನೋಡುವುದಾದರೆ ದೊಡ್ಡ ಲಾಭ. ಬೆರಳಲ್ಲಿ ಗೀಚಬೇಕು, ಎಳೆದು ಬಿಡಬೇಕು ಅನ್ನುವ ಕೆಲಸ ಇದ್ದರೂ ಲಾಭವೇ. ಆದರೆ ಗುಂಡು ಹಾರುತ್ತಿರುವಾಗ, ಗಾಡಿ ತಿರುವಿನಲ್ಲಿರುವಾಗ ಕಣ್ಣು ಕೆಳಗೆ ಹೋಗಬೇಕು ಅಂದರೆ ಆ ಸ್ಕ್ರೀನ್ ನಿಮ್ಮ ಆಟ ಕೆಡಿಸುತ್ತದೆ, ಅದಕ್ಕೆ ಎಷ್ಟೇ ದುಡ್ಡು ಸುರಿದಿರಲಿ.

ಲೆಕ್ಕ ಹಾಕಿ ನೋಡಿ. ರೇಸಿಂಗ್ ಗೇಮ್‌ನಲ್ಲಿ 200 ಕಿ.ಮೀ. ವೇಗದಲ್ಲಿದ್ದರೆ ಸೆಕೆಂಡಿಗೆ ಸುಮಾರು 55 ಮೀಟರ್ ಹೋಗುತ್ತೀರಿ. ತಲೆ ಬಗ್ಗಿಸಿ, ತೊಡೆ ಮೇಲಿನ ಸ್ಕ್ರೀನಿಗೆ ಕಣ್ಣು ಹೊಂದಿಸಿ, ಒಂದು ಅಂಕಿ ಓದಿ, ಮತ್ತೆ ಟಿವಿಗೆ ಕಣ್ಣು ಹೊಂದಿಸುವಷ್ಟರಲ್ಲಿ ಅರ್ಧ ಸೆಕೆಂಡ್ ಹೋಯ್ತು ಅಂತಿಟ್ಟುಕೊಳ್ಳಿ. 27 ಮೀಟರ್ ಕಣ್ಣು ಮುಚ್ಚಿಕೊಂಡು ಓಡಿಸಿದ ಹಾಗಾಯ್ತು, ಅಲ್ವಾ? ಟಿವಿ ಎರಡು-ಮೂರು ಮೀಟರ್ ದೂರ, ಕೈಯಲ್ಲಿನ ಸ್ಕ್ರೀನ್ ಒಂದೂವರೆ ಅಡಿ ದೂರ. ದೂರದಿಂದ ಹತ್ತಿರಕ್ಕೆ ಫೋಕಸ್ ಬದಲಾಯಿಸಲು ಕಣ್ಣಿಗೆ ಸಮಯ ಬೇಕು. ನಲವತ್ತು ದಾಟಿ ಓದುವ ಕನ್ನಡಕ ಬಂದವರಿಗಂತೂ ಇನ್ನೂ ಜಾಸ್ತಿ ಬೇಕು.

ಹಿಂದೆ ಮಾಡಿ ನೋಡಿದವರಿಗೆ ಏನಾಯ್ತು

ಇದು ಹೊಸ ಐಡಿಯಾ ಏನಲ್ಲ. 1998ರಲ್ಲಿ ಜಪಾನಿನಲ್ಲಿ ಬಂದ ಸೆಗಾ ಡ್ರೀಮ್‌ಕಾಸ್ಟ್ ಅನ್ನುವ ಗೇಮ್ ಕನ್ಸೋಲ್‌ನ ಕಂಟ್ರೋಲರ್ ಒಳಗೆ ವಿಎಂಯು ಅನ್ನುವ ಮೆಮೊರಿ ಕಾರ್ಡ್ ಸಿಕ್ಕಿಸಬಹುದಿತ್ತು. ಅದಕ್ಕೆ 48×32 ಪಿಕ್ಸೆಲ್‌ನ ಪುಟಾಣಿ ಕಪ್ಪು-ಬಿಳುಪು ಸ್ಕ್ರೀನ್. ಹೆಚ್ಚಿನ ಗೇಮ್‌ಗಳು ಅದರಲ್ಲಿ ಒಂದು ಚಿತ್ರ ಹಾಕಿ ಕೈ ತೊಳೆದುಕೊಂಡವು. ಆದರೆ ಅಮೆರಿಕನ್ ಫುಟ್‌ಬಾಲ್ ಗೇಮ್ ಎನ್ಎಫ್ಎಲ್ 2ಕೆಯಲ್ಲಿ ಮುಂದಿನ ತಂತ್ರವನ್ನು ಆ ಸ್ಕ್ರೀನ್‌ನಲ್ಲಿ ನೋಡಿ ಆರಿಸಬಹುದಿತ್ತು. ಪಕ್ಕದಲ್ಲೇ ಕೂತ ಗೆಳೆಯನಿಗೆ ಟಿವಿಯಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಅಷ್ಟು ಚಿಕ್ಕ ಸ್ಕ್ರೀನ್ ಕೂಡ ಆಟ ಬದಲಾಯಿಸಿತು, ಯಾಕೆಂದರೆ ಅಲ್ಲಿ ಮುಚ್ಚಿಡಲು ಒಂದು ಗುಟ್ಟಿತ್ತು.

2003ರಲ್ಲಿ ನಿಂಟೆಂಡೊ ಅದೇ ಐಡಿಯಾವನ್ನು ಇನ್ನೂ ಚೆನ್ನಾಗಿ ಬಳಸಿತು. ಟಿವಿಗೆ ಹಾಕುವ ಗೇಮ್‌ಕ್ಯೂಬ್‌ಗೆ ಕೈಯಲ್ಲಿ ಹಿಡಿದು ಆಡುವ ಗೇಮ್‌ಬಾಯ್ ಅಡ್ವಾನ್ಸನ್ನು ಕೇಬಲ್‌ನಿಂದ ಜೋಡಿಸಿ ಆಡುವ ಪ್ಯಾಕ್‌ಮ್ಯಾನ್ ವರ್ಸಸ್. ಪ್ಯಾಕ್‌ಮ್ಯಾನ್ ಆದವನಿಗೆ ಕೈಯಲ್ಲಿನ ಸ್ಕ್ರೀನ್‌ನಲ್ಲಿ ಪೂರ್ತಿ ದಾರಿಗಳ ಜಾಲ ಕಾಣುತ್ತದೆ. ದೆವ್ವಗಳಾದ ಮೂವರಿಗೆ ಟಿವಿಯಲ್ಲಿ ತಮ್ಮ ಸುತ್ತಮುತ್ತ ಮಾತ್ರ ಕಾಣುತ್ತದೆ. ಇದನ್ನು ಒಂದೇ ಟಿವಿಯಲ್ಲಿ ಮಾಡಲು ಆಗುವುದೇ ಇಲ್ಲ. ಎರಡನೇ ಸ್ಕ್ರೀನ್ ಬೇಕೇ ಬೇಕು ಅನ್ನುವ ಆಟ ಅಂದರೆ ಇದು.

ಮರುವರ್ಷ ಬಂದ, ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಡಿಎಸ್ ಬೇರೆ ದಾರಿ ಹಿಡಿಯಿತು. ಎರಡು ಸ್ಕ್ರೀನ್, ಮಧ್ಯೆ ಒಂದು ಹಿಂಜ್ ಅಷ್ಟೇ. ಒಟ್ಟು 15.4 ಕೋಟಿ ಮಾರಾಟವಾಯಿತು. ಎರಡೂ ಸ್ಕ್ರೀನ್ ಕಣ್ಣಿಗೆ ಒಂದೇ ದೂರದಲ್ಲಿದ್ದವು, ತಲೆ ಅಲ್ಲಾಡಿಸಬೇಕಾಗಿರಲಿಲ್ಲ, ಫೋಕಸ್ ಬದಲಾಗುತ್ತಿರಲಿಲ್ಲ. ಕ್ಯಾಸಲ್‌ವೇನಿಯಾ: ಡಾನ್ ಆಫ್ ಸಾರೋದಲ್ಲಿ ಮೇಲಿನ ಸ್ಕ್ರೀನ್‌ನಲ್ಲಿ ಮ್ಯಾಪ್ ಸದಾ ಇರುತ್ತಿತ್ತು. ಎಟ್ರಿಯನ್ ಒಡಿಸ್ಸಿಯಲ್ಲಿ ನೀವು ನಡೆದ ದಾರಿಯ ಮ್ಯಾಪನ್ನು ನೀವೇ ಸ್ಟೈಲಸ್‌ನಲ್ಲಿ ಬರೆದುಕೊಳ್ಳಬೇಕಿತ್ತು, ಅದೇ ಆ ಗೇಮಿನ ಅರ್ಧ ಮಜಾ.

ಆಮೇಲೆ 2012ರ ನವೆಂಬರ್‌ನಲ್ಲಿ ನಿಂಟೆಂಡೊದ್ದೇ ಕನ್ಸೋಲ್ ವೀ ಯು. ಎರಡನೇ ಸ್ಕ್ರೀನ್ ಕಂಟ್ರೋಲರ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಇದೇ. ಇದರ ಗೇಮ್‌ಪ್ಯಾಡ್‌ನಲ್ಲಿ 6.2 ಇಂಚಿನ ಟಚ್ ಸ್ಕ್ರೀನ್, ತೂಕ ಹತ್ತಿರತ್ತಿರ ಅರ್ಧ ಕೆ.ಜಿ., ಬ್ಯಾಟರಿ ಮೂರರಿಂದ ಐದು ಗಂಟೆ. ಮಾರಾಟ 1.36 ಕೋಟಿಗೇ ನಿಂತಿತು. ಅದರ ಹಿಂದಿನ ವೀ ಹತ್ತು ಕೋಟಿ ದಾಟಿತ್ತು ಅನ್ನುವುದನ್ನು ನೆನೆದರೆ ಏಟು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ಆದರೆ ಮಾರಾಟ ಬಿದ್ದಿದ್ದಕ್ಕೆ ಸ್ಕ್ರೀನ್ ಒಂದನ್ನೇ ದೂರುವುದು ಸರಿಯಲ್ಲ. ಆಟದ ಮಟ್ಟಿಗೆ ನೋಡಿದರೆ ಎರಡನೇ ಸ್ಕ್ರೀನ್‌ನ ಒಳ್ಳೆಯ ಉದಾಹರಣೆ, ಕೆಟ್ಟ ಉದಾಹರಣೆ ಎರಡೂ ಈ ಒಂದೇ ಮಷೀನ್‌ನಲ್ಲಿ ಸಿಗುತ್ತವೆ.

ಒಳ್ಳೆಯದು ಮೊದಲು. ನಿಂಟೆಂಡೊ ಲ್ಯಾಂಡ್‌ನ ದೆವ್ವದ ಮನೆ ಆಟದಲ್ಲಿ ದೆವ್ವ ಆದವನು ಗೇಮ್‌ಪ್ಯಾಡ್‌ನಲ್ಲಿ ಮಾತ್ರ ಕಾಣುತ್ತಾನೆ, ಉಳಿದವರು ಟಿವಿ ನೋಡುತ್ತಾ ಟಾರ್ಚ್ ಹಿಡಿದು ಹುಡುಕಬೇಕು. ವಿಂಡ್ ವೇಕರ್ ಎಚ್‌ಡಿಯಲ್ಲಿ ಸಾಮಾನಿನ ಪಟ್ಟಿ, ಮ್ಯಾಪ್ ಎರಡೂ ಕೈಗೆ ಬಂದವು, ಪದೇ ಪದೇ ಆಟ ನಿಲ್ಲಿಸುವ ಕಾಟ ತಪ್ಪಿತು. ಮಾರಿಯೊ ಮೇಕರ್‌ನಲ್ಲಿ ಸ್ಟೈಲಸ್ ಹಿಡಿದು ಲೆವೆಲ್ ಕಟ್ಟುವುದು ಎಷ್ಟು ಸರಾಗ ಅಂದರೆ ಬಟನ್‌ನಲ್ಲಿ ಅದೇ ಕೆಲಸ ಮಾಡಿ ನೋಡಿದವರಿಗೇ ಗೊತ್ತು. ಝಾಂಬಿಯು ಅನ್ನುವ ಗೇಮ್ ಇನ್ನೂ ಜಾಣತನ ತೋರಿಸಿತು. ಅಲ್ಲಿ ಬ್ಯಾಗ್ ತೆರೆಯಬೇಕು ಅಂದರೆ ಕೈಯಲ್ಲಿನ ಸ್ಕ್ರೀನ್ ನೋಡಬೇಕು, ಆದರೆ ಆಟ ನಿಲ್ಲುವುದಿಲ್ಲ. ನೀವು ತಲೆ ಬಗ್ಗಿಸಿದ್ದೀರಿ, ಟಿವಿಯಲ್ಲಿ ನಿಮ್ಮ ಪಾತ್ರವೂ ಬ್ಯಾಗ್ ಮೇಲೆ ಬಗ್ಗಿದೆ, ಹಿಂದಿನಿಂದ ಏನು ಬರುತ್ತಿದೆಯೋ ಗೊತ್ತಿಲ್ಲ. ಕಣ್ಣು ಕೆಳಗಿಳಿಸುವ ತೊಂದರೆಯನ್ನೇ ಅವರು ಭಯ ಹುಟ್ಟಿಸಲು ಬಳಸಿಕೊಂಡರು.

ಕೆಟ್ಟದ್ದಕ್ಕೆ 2016ರ ಸ್ಟಾರ್ ಫಾಕ್ಸ್ ಝೀರೊ. ಟಿವಿಯಲ್ಲಿ ವಿಮಾನದ ಹಿಂದಿನ ನೋಟ, ಗೇಮ್‌ಪ್ಯಾಡ್‌ನಲ್ಲಿ ಕಾಕ್‌ಪಿಟ್ ನೋಟ. ಸರಿಯಾಗಿ ಗುರಿ ಇಡಬೇಕು ಅಂದರೆ ಕೆಳಗೆ ನೋಡಬೇಕು, ಗುದ್ದಿಕೊಳ್ಳದೆ ಹಾರಬೇಕು ಅಂದರೆ ಮೇಲೆ ನೋಡಬೇಕು, ಎರಡೂ ಒಟ್ಟೊಟ್ಟಿಗೆ. ವಿಮರ್ಶಕರಲ್ಲಿ ಬಹಳ ಜನ ಇದನ್ನೇ ದೂರಿದರು. ಮರುವರ್ಷ ಝೆಲ್ಡಾದ ಬ್ರೆತ್ ಆಫ್ ದ ವೈಲ್ಡ್ ವೀ ಯುಗೆ ಬಂದಾಗ, ಮೊದಲು ತೋರಿಸಿದ್ದ ಗೇಮ್‌ಪ್ಯಾಡ್ ಮ್ಯಾಪ್ ಅದರಲ್ಲಿ ಇರಲಿಲ್ಲ. ಮೇಲೆ ಕೆಳಗೆ ನೋಡುವುದರಿಂದ ಆಟದ ಮೇಲಿನ ಗಮನ ಕೆಡುತ್ತದೆ ಅಂತ ನಿರ್ಮಾಪಕ ಐಜಿ ಔನುಮಾ ಅವರೇ ಕಾರಣ ಕೊಟ್ಟರು. ಆ ಕಂಟ್ರೋಲರ್ ಮಾಡಿದ ಕಂಪನಿಯೇ ಹೀಗಂದ ಮೇಲೆ ನಾವು ಸ್ವಲ್ಪ ಯೋಚಿಸಬೇಕು.

ಫೋನ್ ಆ್ಯಪ್‌ಗಳ ಕಾಲವೂ ಒಂದು ಬಂದು ಹೋಯಿತು. ಡೆಡ್ ರೈಸಿಂಗ್ 3ರಲ್ಲಿ ಪಾತ್ರಕ್ಕೆ ಬರುವ ಕರೆ ನಿಮ್ಮ ಫೋನ್‌ನಲ್ಲೇ ರಿಂಗ್ ಆಗುತ್ತಿತ್ತು. ಫಾಲ್‌ಔಟ್ 4ರಲ್ಲಿ ಪಾತ್ರ ಕೈಗೆ ಕಟ್ಟಿಕೊಳ್ಳುವ ಪಿಪ್‌ಬಾಯ್ ಕಂಪ್ಯೂಟರ್ ಫೋನ್‌ಗೆ ಬಂತು. ಮೊದಲ ವಾರ ಎಲ್ಲರಿಗೂ ಖುಷಿ. ಆಮೇಲೆ ಫೋನ್ ಎತ್ತಿಕೊಳ್ಳಲು ಕಂಟ್ರೋಲರ್ ಕೆಳಗಿಡಬೇಕು ಅನ್ನುವ ಬೇಜಾರಿಗೆ ಹೆಚ್ಚಿನವರು ಬಿಟ್ಟರು.

ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ

ನಿಮ್ಮ ಗೇಮ್‌ಗೆ ಇದು ಹೊಂದುತ್ತಾ ಅಂತ ತಿಳಿಯಲು ಏನೂ ಕೊಳ್ಳಬೇಕಿಲ್ಲ. ನೀವು ಜಾಸ್ತಿ ಆಡುವ ಒಂದು ಗೇಮ್ ತೆಗೆದುಕೊಳ್ಳಿ, ಅರ್ಧ ಗಂಟೆ ಆಡಿ, ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಳ್ಳಿ. ಮ್ಯಾಪ್ ಅಥವಾ ಮೆನು ತೆರೆದಾಗಲೆಲ್ಲ ಒಂದು ಗೀಟು ಹಾಕಿ. ಅರ್ಧ ಗಂಟೆಗೆ ಎರಡು-ಮೂರು ಗೀಟು ಬಿದ್ದರೆ ಇಲ್ಲೇ ನಿಲ್ಲಿಸಿ, ನಿಮಗೆ ಎರಡನೇ ಸ್ಕ್ರೀನ್ ಬೇಡ. ಇಪ್ಪತ್ತರ ಹತ್ತಿರ ಬಂದರೆ ಮುಂದೆ ಓದಿ.

ಎರಡನೇ ಹಂತದಲ್ಲಿ ಆ ಗೀಟುಗಳನ್ನು ಎರಡು ಗುಂಪು ಮಾಡಿ. ಶಾಂತವಾಗಿದ್ದಾಗ ತೆರೆದಿದ್ದು ಎಷ್ಟು, ಹೊಡೆದಾಟದ ನಡುವೆ ತೆರೆದಿದ್ದು ಎಷ್ಟು? ಮೊದಲನೆಯದು ಜಾಸ್ತಿ ಇದ್ದರೆ ಒಳ್ಳೆಯ ಲಕ್ಷಣ. ಎರಡನೆಯದು ಜಾಸ್ತಿ ಇದ್ದರೆ ಸ್ವಲ್ಪ ಹುಷಾರು, ಯಾಕೆಂದರೆ ಈಗ ಮೆನು ತೆರೆದರೆ ಆಟ ನಿಲ್ಲುತ್ತದೆ, ನಿಮಗೆ ಪುಕ್ಕಟೆ ಬಿಡುವು ಸಿಗುತ್ತಿದೆ. ಎರಡನೇ ಸ್ಕ್ರೀನ್ ಬಂದರೆ ಆ ಬಿಡುವು ಹೋಗುತ್ತದೆ. ಇದನ್ನು ಬಹಳ ಜನ ಗಮನಿಸುವುದಿಲ್ಲ.

ಮೂರನೆಯದು ನಿಜವಾದ ಪರೀಕ್ಷೆ. ಗೇಮಿನ ಮ್ಯಾಪನ್ನು ಫೋನ್‌ನಲ್ಲಿ ಚಿತ್ರವಾಗಿ ತೆರೆದು, ಟಿವಿ ಅಥವಾ ಮಾನಿಟರ್ ಕೆಳಗೆ ನಿಲ್ಲಿಸಿ. ಫೋನ್ ತಾನೇ ಆರಿಹೋಗದ ಹಾಗೆ ಸೆಟ್ಟಿಂಗ್ ಬದಲಾಯಿಸಿ ಎರಡು ದಿನ ಆಡಿ. ಲೈವ್ ಆಗಿ ಬದಲಾಗದಿದ್ದರೂ ಪರವಾಗಿಲ್ಲ. ಎರಡನೇ ದಿನವೂ ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತಿದೆಯಾ ಅನ್ನುವುದೊಂದನ್ನೇ ಗಮನಿಸಿ. ಹೋಗದಿದ್ದರೆ ಲೈವ್ ಮ್ಯಾಪ್ ಬಂದರೂ ಹೋಗುವುದಿಲ್ಲ.

ರೇಸಿಂಗ್ ಆಡುವವರಿಗೆ ಪರೀಕ್ಷೆ ಇನ್ನೂ ಸುಲಭ, ಅಲ್ಲಿ ಗಡಿಯಾರ ಸುಳ್ಳು ಹೇಳುವುದಿಲ್ಲ. ಒಂದೇ ಟ್ರ್ಯಾಕ್, ಒಂದೇ ಕಾರು, ಒಂದೇ ಟೈರ್. ಹತ್ತು ಲ್ಯಾಪ್ ಎರಡನೇ ಸ್ಕ್ರೀನ್ ಇಲ್ಲದೆ, ಹತ್ತು ಲ್ಯಾಪ್ ಅದರ ಜೊತೆ. ಮರುದಿನ ಕ್ರಮ ತಿರುಗಿಸಿ, ಇಲ್ಲದಿದ್ದರೆ ಎರಡನೇ ಸರದಿಯಲ್ಲಿ ಕೈ ಪಳಗಿದ್ದೇ ಸ್ಕ್ರೀನಿನ ಲಾಭ ಅಂತ ಕಾಣುತ್ತದೆ. ಅತಿ ವೇಗದ ಲ್ಯಾಪ್ ನೋಡಬೇಡಿ, ಅದು ಅದೃಷ್ಟ ಇರಬಹುದು. ಹತ್ತರ ಸರಾಸರಿ ನೋಡಿ, ಜೊತೆಗೆ ಎಷ್ಟು ಸಲ ಟ್ರ್ಯಾಕ್‌ನಿಂದ ಹೊರಗೆ ಹೋದಿರಿ ಅದನ್ನೂ ಬರೆದುಕೊಳ್ಳಿ.

ಜೋಡಿಸುವುದು ಹೇಗೆ

ಪರೀಕ್ಷೆ ಪಾಸಾಯ್ತು ಅಂದರೆ ಮೂಲೆಯಲ್ಲಿ ಬಿದ್ದಿರುವ ಹಳೇ ಆಂಡ್ರಾಯ್ಡ್ ಫೋನ್ ಅಥವಾ ಟ್ಯಾಬ್ಲೆಟ್ ಹೊರಗೆ ತೆಗೆಯಿರಿ. ಸಿಮ್ ಬೇಡ, ಬ್ಯಾಟರಿ ಸುಸ್ತಾಗಿದ್ದರೂ ನಡೆಯುತ್ತದೆ, ಚಾರ್ಜರ್‌ನಲ್ಲೇ ಇರುತ್ತದಲ್ಲ. ಆದರೆ ಬ್ಯಾಟರಿ ಊದಿಕೊಂಡು ಹಿಂದಿನ ಮುಚ್ಚಳ ಎದ್ದಿದ್ದರೆ ಅದನ್ನು ಮುಟ್ಟಲೇಬೇಡಿ.

ರೇಸಿಂಗ್‌ನಿಂದ ಶುರು ಮಾಡೋಣ. ಎಫ್1 ಗೇಮ್‌ಗಳ ಸೆಟ್ಟಿಂಗ್ಸ್ ಒಳಗೆ ಟೆಲಿಮೆಟ್ರಿ ಸೆಟ್ಟಿಂಗ್ಸ್ ಅಂತ ಇದೆ. ಅಲ್ಲಿ ಯುಡಿಪಿ ಟೆಲಿಮೆಟ್ರಿ ಆನ್ ಮಾಡಿದರೆ ವೇಗ, ಗೇರ್, ಟೈರ್ ಬಿಸಿ, ಇಂಧನ ಎಲ್ಲವನ್ನೂ ಗೇಮ್ ತಾನೇ ವೈಫೈನಲ್ಲಿ ಕಳಿಸುತ್ತದೆ. ಪೋರ್ಟ್ 20777. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ನಲ್ಲೂ ಈ ಸೌಲಭ್ಯ ಇದೆ. ಕನ್ಸೋಲ್ ಆದರೆ ಫೋನ್‌ಗೆ ಒಂದು ಡ್ಯಾಶ್‌ಬೋರ್ಡ್ ಆ್ಯಪ್ ಹಾಕಿಕೊಂಡು, ಫೋನಿನ ಐಪಿ ಅಡ್ರೆಸ್ಸನ್ನು ಗೇಮ್‌ನಲ್ಲಿ ತುಂಬಿ. ಪಿಸಿ ಆದರೆ ಗೇಮ್ ಕಳಿಸುವ ಅಂಕಿಗಳನ್ನು ತೋರಿಸುವ ಸಿಮ್‌ಹಬ್ ಅನ್ನುವ ಸಾಫ್ಟ್‌ವೇರ್ ಹಾಕಿ. ಗೇಮ್‌ನಲ್ಲಿ ಐಪಿ 127.0.0.1 ಇರಲಿ, ಫೋನಿನ ಬ್ರೌಸರ್‌ನಲ್ಲಿ ಪಿಸಿಯ ಐಪಿ ಹಾಕಿ ಅದರ ಕೊನೆಗೆ :8888 ಸೇರಿಸಿ ತೆರೆಯಿರಿ. ಪಿಸಿಯ ಐಪಿ ಸಾಮಾನ್ಯವಾಗಿ 192.168 ಅಂತ ಶುರುವಾಗುತ್ತದೆ, ವಿಂಡೋಸ್ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಪುಟದಲ್ಲಿ ಐಪಿವಿ4 ಅಡ್ರೆಸ್ ಅಂತ ಬರೆದಿರುತ್ತದೆ.

ಏನೂ ಕಾಣಲಿಲ್ಲ ಅಂದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಈ ಮೂರರಲ್ಲಿ ಒಂದು. ಫೋನ್ ಒಂದು ವೈಫೈನಲ್ಲಿದೆ, ಪಿಸಿ ಇನ್ನೊಂದರಲ್ಲಿದೆ. ಅಥವಾ ವಿಂಡೋಸ್ ಫೈರ್‌ವಾಲ್ ತಡೆದಿದೆ, ನೆಟ್‌ವರ್ಕನ್ನು ಪಬ್ಲಿಕ್‌ನಿಂದ ಪ್ರೈವೇಟ್‌ಗೆ ಬದಲಾಯಿಸಿ ಆ ಸಾಫ್ಟ್‌ವೇರ್‌ಗೆ ಅನುಮತಿ ಕೊಡಿ. ಇಲ್ಲದಿದ್ದರೆ ರೂಟರ್‌ನ ಗೆಸ್ಟ್ ವೈಫೈಗೆ ಸೇರಿಕೊಂಡಿದ್ದೀರಿ, ಅದರಲ್ಲಿ ಒಂದು ಸಾಧನ ಇನ್ನೊಂದನ್ನು ನೋಡುವಂತಿಲ್ಲ. ಪಿಜಿಯಲ್ಲಿ, ಹಾಸ್ಟೆಲ್‌ನಲ್ಲಿ ಇರುವವರಿಗೆ ಈ ಮೂರನೆಯದೇ ತಲೆನೋವು. ಆಗ ಇನ್ನೊಂದು ಫೋನ್‌ನಿಂದ ಹಾಟ್‌ಸ್ಪಾಟ್ ಹಾಕಿ ಎರಡನ್ನೂ ಅದಕ್ಕೆ ಸೇರಿಸಿ. ಈ ಮಾಹಿತಿ ಇಂಟರ್ನೆಟ್‌ಗೆ ಹೋಗುವುದೇ ಇಲ್ಲ, ಹಾಗಾಗಿ ಇದಕ್ಕೆ ಡೇಟಾ ಖರ್ಚಾಗುವುದಿಲ್ಲ.

ಟ್ರಕ್ ಓಡಿಸುವವರಿಗೆ, ಅಂದರೆ ಯೂರೋ ಟ್ರಕ್ ಸಿಮ್ಯುಲೇಟರ್ 2 ಆಡುವವರಿಗೆ, ನನ್ನ ಪ್ರಕಾರ ಎರಡನೇ ಸ್ಕ್ರೀನ್ ಎಲ್ಲರಿಗಿಂತ ಚೆನ್ನಾಗಿ ಹೊಂದುತ್ತದೆ. ಉದ್ದ ಹೈವೇ, 80ರ ವೇಗ, ಕಣ್ಣು ತಿರುಗಿಸಲು ಬೇಕಾದಷ್ಟು ಸಮಯ. ಇದಕ್ಕೆ ಉಚಿತ ಟೆಲಿಮೆಟ್ರಿ ಸರ್ವರ್‌ಗಳಿವೆ, ಸಿಮ್‌ಹಬ್ ಕೂಡ ನಡೆಯುತ್ತದೆ. ಫೋನನ್ನು ಸ್ಟೀರಿಂಗ್ ಹಿಂದೆ ನಿಲ್ಲಿಸಿ ಸ್ಪೀಡೋಮೀಟರ್ ಹಾಕಿಕೊಳ್ಳಿ, ಗೇಮಿನೊಳಗಿನ ಮೀಟರ್ ಆಫ್ ಮಾಡಿ. ಟಿವಿಯಲ್ಲಿ ಬರೀ ರಸ್ತೆ ಉಳಿಯುತ್ತದೆ. ಬಸ್ ಮಾಡ್ (ಗೇಮಿಗೆ ಹೊರಗಿನಿಂದ ಸೇರಿಸುವ ಬಸ್) ಹಾಕಿ ಐರಾವತದ ಬಣ್ಣ ಬಳಿದುಕೊಂಡು ಓಡಿಸುವ ನಮ್ಮ ಹುಡುಗರು ಇದನ್ನು ಒಮ್ಮೆ ಮಾಡಿ ನೋಡಬೇಕು.

ವಿಮಾನದವರದ್ದು ಬೇರೆಯೇ ಲೋಕ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನ ಪಿಸಿ ಆವೃತ್ತಿಯಲ್ಲಿ ಬಲಗಡೆಯ ಆಲ್ಟ್ ಕೀ ಒತ್ತಿ ಹಿಡಿದು ಕಾಕ್‌ಪಿಟ್‌ನ ಡಿಜಿಟಲ್ ಪರದೆ ಮೇಲೆ ಕ್ಲಿಕ್ ಮಾಡಿದರೆ ಅದು ಬೇರೆ ಕಿಟಕಿಯಾಗಿ ಹೊರಗೆ ಬರುತ್ತದೆ. ಅದನ್ನು ಇನ್ನೊಂದು ಮಾನಿಟರ್‌ಗೆ ಎಳೆದು ಹಾಕಬಹುದು. ಮಾನಿಟರ್ ಇಲ್ಲವೇ? ಸ್ಪೇಸ್‌ಡೆಸ್ಕ್ ಅನ್ನುವುದನ್ನು ಪಿಸಿಗೂ ಟ್ಯಾಬ್ಲೆಟ್‌ಗೂ ಹಾಕಿದರೆ ಟ್ಯಾಬ್ಲೆಟ್ಟೇ ಎರಡನೇ ಮಾನಿಟರ್. ಒಂದು ಎಚ್ಚರಿಕೆ, ಹೀಗೆ ಹೊರಗೆಳೆದ ಪ್ರತಿ ಪರದೆಯೂ ಗ್ರಾಫಿಕ್ಸ್ ಕಾರ್ಡ್‌ಗೆ ಹೆಚ್ಚುವರಿ ಹೊರೆ. ಮೊದಲೇ ಸೆಕೆಂಡಿಗೆ 30 ಫ್ರೇಮ್‌ನಲ್ಲಿ ಏದುಸಿರು ಬಿಡುತ್ತಿರುವ ಪಿಸಿಗೆ ಇದು ಬೇಡ. ಅದರ ಬದಲು ಲಿಟಲ್ ನ್ಯಾವ್‌ಮ್ಯಾಪ್ ಹಾಕಿ. ಅದು ಉಚಿತ, ಅದರಲ್ಲೇ ಒಂದು ವೆಬ್ ಸರ್ವರ್ ಇದೆ, ಟ್ಯಾಬ್ಲೆಟ್‌ನ ಬ್ರೌಸರ್‌ನಲ್ಲಿ ನಿಮ್ಮ ವಿಮಾನ ಮ್ಯಾಪ್ ಮೇಲೆ ಓಡುವುದು ಕಾಣುತ್ತದೆ. ಗ್ರಾಫಿಕ್ಸ್ ಕಾರ್ಡ್‌ಗೆ ಹೊರೆಯೇ ಇಲ್ಲ ಅನ್ನಬಹುದು.

ಪರೀಕ್ಷೆಗೆ ಮಂಗಳೂರಿಗೆ ಇಳಿದು ನೋಡಿ. ಬೆಟ್ಟದ ಮೇಲಿನ ಟೇಬಲ್‌ಟಾಪ್ ವಿಮಾನ ನಿಲ್ದಾಣ, ರನ್‌ವೇ 24ರ ಉದ್ದ 2,450 ಮೀಟರ್, ತುದಿಯಲ್ಲಿ ಕಣಿವೆ. ಅದರ ಚಾರ್ಟ್‌ಗಳನ್ನು, ಅಂದರೆ ಪೈಲಟ್‌ಗಳು ಇಳಿಯಲು ನೋಡುವ ನಕ್ಷೆಗಳನ್ನು, ಏರ್‌ಪೋರ್ಟ್ಸ್ ಅಥಾರಿಟಿ ಆಫ್ ಇಂಡಿಯಾ ತನ್ನ ಇ-ಎಐಪಿ ಅನ್ನುವ ಆನ್‌ಲೈನ್ ಕೈಪಿಡಿಯಲ್ಲಿ ಉಚಿತವಾಗಿ ಹಾಕಿದೆ. ಚಾರ್ಟನ್ನು ಟ್ಯಾಬ್ಲೆಟ್‌ನಲ್ಲಿ ತೆರೆದಿಟ್ಟು ಒಮ್ಮೆ, ಆಟ ನಿಲ್ಲಿಸಿ ನಿಲ್ಲಿಸಿ ನೋಡುತ್ತಾ ಒಮ್ಮೆ ಇಳಿಯಿರಿ. ವ್ಯತ್ಯಾಸ ಯಾರೂ ಹೇಳಿಕೊಡಬೇಕಾಗಿಲ್ಲ. ನಿಜವಾದ ಪೈಲಟ್‌ಗಳು ಕೂಡ ಚಾರ್ಟನ್ನು ಪಕ್ಕದ ಟ್ಯಾಬ್ಲೆಟ್‌ನಲ್ಲೇ ಇಟ್ಟುಕೊಳ್ಳುವುದು. ಅಲ್ಲಿ ಎರಡನೇ ಸ್ಕ್ರೀನ್ ಆಟಕ್ಕೆ ಸೇರಿಸಿದ ವಸ್ತು ಅನ್ನಿಸುವುದೇ ಇಲ್ಲ.

ಮನೆಗೆ ನೆಂಟರು, ಗೆಳೆಯರು ಬಂದಾಗ ಆಡುವುದಕ್ಕಾದರೆ ಜೋಡಿಸುವ ಕೆಲಸವೇ ಇಲ್ಲ. ಜಾಕ್‌ಬಾಕ್ಸ್ ಪಾರ್ಟಿ ಪ್ಯಾಕ್‌ನಲ್ಲಿ ಎಲ್ಲರ ಫೋನೇ ಕಂಟ್ರೋಲರ್. ಬ್ರೌಸರ್ ತೆರೆದು ಟಿವಿಯಲ್ಲಿ ಕಾಣುವ ನಾಲ್ಕು ಅಕ್ಷರದ ಕೋಡ್ ಹಾಕಿದರೆ ಸಾಕು, ಆ್ಯಪ್ ಬೇಡ. ಗೇಮ್ ಒಬ್ಬರು ಕೊಂಡರೆ ಸಾಕು. ಪ್ರಶ್ನೆಗಳಲ್ಲಿ ಅಮೆರಿಕದ ವಿಷಯ ಜಾಸ್ತಿ, ಹಾಗಾಗಿ ನಮ್ಮ ಮನೆಗಳಲ್ಲಿ ಚಿತ್ರ ಬಿಡಿಸುವ ಡ್ರಾಫುಲ್ ಹೆಚ್ಚು ನಡೆಯುತ್ತದೆ. ಅಜ್ಜಿಯೂ ಬೆರಳಲ್ಲಿ ಗೀಚಬಹುದು. ಇನ್ನೊಂದು ಕೀಪ್ ಟಾಕಿಂಗ್ ಆ್ಯಂಡ್ ನೋಬಡಿ ಎಕ್ಸ್‌ಪ್ಲೋಡ್ಸ್. ಒಬ್ಬನಿಗೆ ಬಾಂಬ್ ಕಾಣುತ್ತದೆ, ಕೈಪಿಡಿ ಕಾಣುವುದಿಲ್ಲ. ಉಳಿದವರಿಗೆ 23 ಪುಟದ ಕೈಪಿಡಿ ಕಾಣುತ್ತದೆ, ಬಾಂಬ್ ಕಾಣುವುದಿಲ್ಲ. ಕೈಪಿಡಿಯನ್ನು ಫೋನ್‌ನಲ್ಲಿ ತೆರೆಯಿರಿ ಅಥವಾ ಪ್ರಿಂಟ್ ಹಾಕಿಸಿ. ಇಲ್ಲಿ ಎರಡನೇ ಸ್ಕ್ರೀನ್ ಕಾಗದವೇ ಆದರೂ ನಡೆಯುತ್ತದೆ ಅನ್ನುವುದೇ ನನಗೆ ಇಷ್ಟ. ಗುಟ್ಟು ಸರಿಯಾಗಿ ಹಂಚಿಕೆಯಾದರೆ ತಂತ್ರಜ್ಞಾನ ಎಷ್ಟು ಸಾದಾ ಇದ್ದರೂ ಆಟ ಕಳೆಕಟ್ಟುತ್ತದೆ.

ಎಲ್ಲಿ ಇಡಬೇಕು

ಅರ್ಧ ಲಾಭ ಇಡುವ ಜಾಗದಲ್ಲೇ ಇದೆ. ತೊಡೆ ಮೇಲೆ ಬೇಡ, ಟೀಪಾಯಿ ಮೇಲೆ ಮಲಗಿಸಿ ಇಡುವುದೂ ಬೇಡ. ಮುಖ್ಯ ಸ್ಕ್ರೀನಿನ ಕೆಳ ಅಂಚಿಗೆ ತಾಗಿಕೊಂಡ ಹಾಗೆ, ಅಷ್ಟೇ ದೂರದಲ್ಲಿ, ನೆಟ್ಟಗೆ ನಿಲ್ಲಿಸಿ. ತಲೆ ಅಲ್ಲಾಡಬಾರದು, ಕಣ್ಣು ಮಾತ್ರ ಇಳಿಯಬೇಕು. ಡಿಎಸ್ ಗೆದ್ದದ್ದು ಇದರಲ್ಲೇ. ಮೇಜಿನ ಮೇಲೆ ಮಾನಿಟರ್ ಇಟ್ಟುಕೊಂಡವರಿಗೆ ಇದು ಸುಲಭ. ಸೋಫಾದಲ್ಲಿ ಕೂತು ದೂರದ ಟಿವಿ ನೋಡುವವರಿಗೆ ಕಷ್ಟ, ಫೋನನ್ನು ಟಿವಿ ಹತ್ತಿರ ಇಟ್ಟರೆ ಅಕ್ಷರ ಕಾಣುವುದಿಲ್ಲ. ಅಂಥವರು ಹತ್ತು ಇಂಚಿನ ಟ್ಯಾಬ್ಲೆಟ್ ಇದ್ದರೆ ಮಾತ್ರ ಕೈ ಹಾಕಿ.

ತೋರಿಸುವ ವಿಷಯ ಕಡಿಮೆ ಇರಲಿ. ಸಿಮ್‌ಹಬ್‌ನಲ್ಲಿ ಸಿಗುವ ಡ್ಯಾಶ್‌ಬೋರ್ಡ್‌ಗಳಲ್ಲಿ ಮೂವತ್ತು ಅಂಕಿ ಮಿಣುಮಿಣು ಅನ್ನುತ್ತಿರುತ್ತವೆ, ನೋಡಲು ಭಾರಿ ಚೆಂದ, ಓದಲು ಆಗುವುದಿಲ್ಲ. ಗೇರ್, ಲ್ಯಾಪ್ ವ್ಯತ್ಯಾಸ, ಇಂಧನ, ಇಷ್ಟೇ ದೊಡ್ಡ ಅಕ್ಷರದಲ್ಲಿ ಇಟ್ಟುಕೊಳ್ಳಿ. ಬಣ್ಣ ಬದಲಾಗುವ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು, ನೇರ ನೋಡದೆಯೇ ಕಣ್ಣಂಚಿನಲ್ಲಿ ಗೊತ್ತಾಗುತ್ತದೆ. ರಾತ್ರಿ ಆಡುವಾಗ ಬ್ರೈಟ್‌ನೆಸ್ ಇಳಿಸಿ.

ಲ್ಯಾಗ್, ಅಂದರೆ ಚಿತ್ರ ತಡವಾಗಿ ಬರುವುದರ ಬಗ್ಗೆ ಒಂದು ಮಾತು. ವೀ ಯು ಗೇಮ್‌ಪ್ಯಾಡ್ 5 ಗಿಗಾಹರ್ಟ್ಸ್‌ನಲ್ಲಿ ನೇರ ಕನ್ಸೋಲ್ ಜೊತೆ ಮಾತಾಡುತ್ತಿತ್ತು, ಮಧ್ಯೆ ರೂಟರ್ ಇರಲಿಲ್ಲ, ಅದಕ್ಕೇ ಅದು ಅಷ್ಟು ಚುರುಕು. ಮನೆಯ ವೈಫೈನಲ್ಲಿ ಹಾಗೆ ಸಿಗುವುದಿಲ್ಲ. ಅಂಕಿ, ಮ್ಯಾಪ್ ಕಳಿಸುವುದಾದರೆ ಅಷ್ಟು ತಡ ಗೊತ್ತಾಗುವುದಿಲ್ಲ. ಆದರೆ ಸ್ಪೇಸ್‌ಡೆಸ್ಕ್ ತರಹ ಪೂರ್ತಿ ಚಿತ್ರ ಕಳಿಸುವುದಾದರೆ ಯುಎಸ್‌ಬಿ ಕೇಬಲ್ ಹಾಕಿ, ಇಲ್ಲವೇ ಕನಿಷ್ಠ 5 ಗಿಗಾಹರ್ಟ್ಸ್ ವೈಫೈ ಬಳಸಿ.

ಬೇಡ ಅನ್ನುವ ಕಡೆ

ವ್ಯಾಲರಂಟ್, ಕೌಂಟರ್‌ಸ್ಟ್ರೈಕ್ ಆಡುವವರಿಗೆ ಬೇಡ. ಕಣ್ಣು ಕ್ರಾಸ್‌ಹೇರ್ (ಗುರಿಯ ಗುರುತು) ಬಿಟ್ಟರೆ ಸತ್ತಿರಿ, ಬೇಕಾದದ್ದೆಲ್ಲ ಮಿನಿಮ್ಯಾಪ್‌ನಲ್ಲೇ ಇದೆ. ಇನ್ನೊಂದು ಅಪಾಯವೂ ಉಂಟು. ಎದುರಾಳಿ ಎಲ್ಲಿದ್ದಾನೆ ಅಂತ ಫೋನ್‌ನಲ್ಲಿ ತೋರಿಸುತ್ತೇವೆ ಅನ್ನುವ ಸಾಫ್ಟ್‌ವೇರ್ ಯಾವುದೇ ಇರಲಿ, ಅದು ಚೀಟಿಂಗ್, ಅಕೌಂಟ್ ಹೋಗುತ್ತದೆ. ಗೇಮ್ ತಾನಾಗಿ ಕಳಿಸುವ ಮಾಹಿತಿ ಬೇರೆ, ಗೇಮಿನ ಮೆಮೊರಿಗೆ ಕೈ ಹಾಕಿ ಕದಿಯುವುದು ಬೇರೆ. ಬಿಜಿಎಂಐ, ಫ್ರೀ ಫೈರ್‌ನವರು ಫೋನ್‌ನಲ್ಲೇ ಆಡುತ್ತೀರಿ, ಎರಡೂ ಕೈ ಅಲ್ಲೇ ಕಟ್ಟಿಬಿದ್ದಿರುತ್ತವೆ, ಇನ್ನೊಂದು ಸ್ಕ್ರೀನ್ ಯಾವ ಕೈಗೂ ಬೇಡ. ಫಿಫಾ ತರಹದ ಫುಟ್‌ಬಾಲ್, ಫೈಟಿಂಗ್ ಗೇಮ್‌ಗಳಿಗೂ ಅಷ್ಟೇ.

ಕೊಳ್ಳಲೇಬೇಕು ಅನ್ನಿಸಿದರೆ

ಪ್ಲೇಸ್ಟೇಷನ್ ಪೋರ್ಟಲ್ ನೋಡಿ ಇದೇ ಎರಡನೇ ಸ್ಕ್ರೀನ್ ಅಂತ ಕೆಲವರು ತಿಳಿಯುತ್ತಾರೆ. ಅದರ 8 ಇಂಚಿನ ಪರದೆಯಲ್ಲಿ ಬರುವುದು ಟಿವಿಯಲ್ಲಿ ಬರಬೇಕಾದ ಚಿತ್ರವೇ. ಮನೆಯವರು ಸೀರಿಯಲ್ ನೋಡುವಾಗ ನೀವು ಒಳಗಿನ ಕೋಣೆಯಲ್ಲಿ ಆಡಲು ಅದು ಸರಿ, ಆಟ ಸುಧಾರಿಸಲು ಅಲ್ಲ. ಫೋನನ್ನು ಕಂಟ್ರೋಲರ್ ಮೇಲೆ ಸಿಕ್ಕಿಸುವ ಕ್ಲಿಪ್ ಅಗ್ಗ, ಆದರೆ ಫೋನಿನ ಭಾರಕ್ಕೆ ಮಣಿಕಟ್ಟು ನೋಯುತ್ತದೆ, ಜೊತೆಗೆ ಕಣ್ಣಿನ ದೂರದ ತೊಂದರೆ ಹಾಗೇ ಉಳಿಯುತ್ತದೆ. ಅದರ ಬದಲು ಒಂದು ಗಟ್ಟಿ ಟ್ಯಾಬ್ಲೆಟ್ ಸ್ಟ್ಯಾಂಡ್ ಮತ್ತು ಉದ್ದದ ಚಾರ್ಜಿಂಗ್ ಕೇಬಲ್ ಕೊಳ್ಳಿ, ಸಾಕು.

ವೀ ಯುವನ್ನೇ ಸೆಕೆಂಡ್ ಹ್ಯಾಂಡ್ ಕೊಳ್ಳುವ ಆಸೆ ಇದ್ದರೆ ಗೇಮ್‌ಪ್ಯಾಡ್ ಜೊತೆಗಿದೆಯಾ ಅಂತ ಮೊದಲು ಕೇಳಿ, ಅದಿಲ್ಲದ ಕನ್ಸೋಲ್‌ನಲ್ಲಿ ಸೆಟ್ಟಿಂಗ್ಸ್‌ ಒಳಗೆ ಹೋಗುವುದೂ ಕಷ್ಟ. ಸ್ಕ್ರೀನಿನ ನಾಲ್ಕೂ ಮೂಲೆ ಉಗುರಿನಲ್ಲಿ ಒತ್ತಿ ನೋಡಿ, ಬ್ಯಾಟರಿ ಒಂದು ಗಂಟೆಯಾದರೂ ನಿಲ್ಲುತ್ತಾ ನೋಡಿ. ಅದರ ಆನ್‌ಲೈನ್ ಅಂಗಡಿ 2023ರ ಮಾರ್ಚ್‌ನಲ್ಲೇ ಮುಚ್ಚಿತು, ಆನ್‌ಲೈನ್ ಆಟ 2024ರ ಏಪ್ರಿಲ್‌ನಲ್ಲಿ ನಿಂತಿತು, ಹಾಗಾಗಿ ಡಿಸ್ಕ್ ಸಿಗುವ ಗೇಮ್‌ಗಳನ್ನು ಮಾತ್ರ ಲೆಕ್ಕಕ್ಕೆ ಇಟ್ಟುಕೊಳ್ಳಿ. ಅಮೆರಿಕದಲ್ಲಿರುವ ಅಣ್ಣನೋ ಅಕ್ಕನೋ ಊರಿಗೆ ಬರುವಾಗ ತಮ್ಮ ಹಳೇ ವೀ ಯು ತಂದುಕೊಟ್ಟರೆ ಪ್ಲಗ್‌ಗೆ ಹಾಕುವ ಮೊದಲು ಅಡಾಪ್ಟರ್ ಮೇಲೆ ಬರೆದಿರುವುದನ್ನು ಓದಿ. ಅಲ್ಲಿನದು 120 ವೋಲ್ಟ್‌ಗೆ ಮಾಡಿದ್ದು, ನಮ್ಮದು 230. ಕನ್ಸೋಲ್‌ಗೆ ಒಂದು, ಗೇಮ್‌ಪ್ಯಾಡ್‌ಗೆ ಒಂದು ಅಂತ ಎರಡು ಅಡಾಪ್ಟರ್ ಇರುತ್ತವೆ, ಎರಡಕ್ಕೂ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಪಿನ್ ಬದಲಾಯಿಸುವ ಸಣ್ಣ ಕನ್ವರ್ಟರ್ ವೋಲ್ಟೇಜ್ ಇಳಿಸುವುದಿಲ್ಲ.